ಪದಚರ್ಚೆ: ಜೂಲಿಯೆಟ್ ಸೂರ್ಯನೋ, ನೇಸರೋ, ಹೊತ್ತೋ?

ಎಲ್ಲರಿಗೂ ನಮಸ್ಕಾರ.

ಶಿರಸಿಯಲ್ಲಿ ನಾವು ಕೆಲವರು ಸೇರಿ ಶೇಕ್ಸ್‌ಪಿಯರನ 'ರೋಮಿಯೋ ಅಂಡ್ ಜೂಲಿಯೆಟ್' ನಾಟಕದ ಎರಡು ದೃಶ್ಯಗಳನ್ನು ಕನ್ನಡಕ್ಕೆ ತರುತ್ತಿದ್ದೇವೆ. ಒಂದು ಪದಕ್ಕೆ ನಿಮ್ಮ ಸಹಾಯ ಬೇಕು.

ಎರಡನೇ ಅಂಕದ ಎರಡನೇ ದೃಶ್ಯ. ರಾತ್ರಿ, ತೋಟ. ಮೇಲೆ ಕಿಟಕಿಯಲ್ಲಿ ಬೆಳಕು. ಅದೇ ಮೂಡಣ, ಜೂಲಿಯೆಟ್ಟೇ ಸೂರ್ಯ ಎನ್ನುತ್ತಾನೆ ರೋಮಿಯೋ. ಹೊಟ್ಟೆಕಿಚ್ಚಿನ ಚಂದ್ರನನ್ನು ಕೊಲ್ಲು ಎಂದೂ ಹೇಳುತ್ತಾನೆ. ತೊಡಕು ಇಲ್ಲೇ. ಅಲ್ಲಿ ಚಂದ್ರ ಹೆಣ್ಣು. ತನ್ನ ದಾಸಿಯಾದ ಜೂಲಿಯೆಟ್ ತನಗಿಂತ ಚೆಲುವೆ ಅಂತ ಅವಳಿಗೆ ಸಂಕಟ. ನಮ್ಮಲ್ಲಿ ಚಂದ್ರ ರೋಹಿಣಿಯ ಗಂಡ, ಸೂರ್ಯನೂ ಗಂಡಸೇ. 'ಜೂಲಿಯೆಟ್ ಸೂರ್ಯ' ಅಂದರೆ ಕಿವಿಗೆ ಒಗ್ಗುವುದಿಲ್ಲ, ಅಲ್ವಾ?

ಸುಮ್ನೆ ಚಂದ್ರಮುಖಿ ಅಂತ ಮಾಡಿಬಿಡೋಣ ಎಂದರು ಒಬ್ಬರು. ನಾನು ಒಪ್ಪಲಾರೆ. ಮೂರನೇ ಅಂಕದ ಐದನೇ ದೃಶ್ಯಕ್ಕೆ ಬನ್ನಿ. ರೋಮಿಯೋಗೆ ಗಡೀಪಾರು ಆಗಿದೆ. ಬೆಳಗಾದ ಮೇಲೂ ಊರಲ್ಲಿ ಸಿಕ್ಕಿಬಿದ್ದರೆ ಜೀವ ಉಳಿಯದು. ಕೂಗಿದ್ದು ಬೆಳಗಿನ ಲಾರ್ಕ್ ಹಕ್ಕಿ ಅಲ್ಲ, ಇರುಳಲ್ಲಿ ಹಾಡುವ ನೈಟಿಂಗೇಲ್ ಎಂದು ಜೂಲಿಯೆಟ್ ಹಟ ಹಿಡಿಯುತ್ತಾಳೆ. ಬೆಳಕು ಹರಿದಷ್ಟೂ ನಮ್ಮ ದುಃಖಕ್ಕೆ ಕತ್ತಲೆ ಕವಿಯುತ್ತಿದೆ ಎನ್ನುತ್ತಾನೆ ಅವನು. ಅವಳನ್ನು ಯಾವ ಸೂರ್ಯ ಅಂತ ಕರೆದನೋ ಅದೇ ಈಗ ಇಬ್ಬರನ್ನೂ ಅಗಲಿಸುತ್ತದೆ. ಅವಳನ್ನು ಚಂದ್ರ ಮಾಡಿದರೆ ಈ ಎಳೆಯೇ ಕಡಿದುಹೋಗುತ್ತದೆ.

ಆ ಕಾಲದ ಲಂಡನ್ನಿನ ಬಯಲು ರಂಗಮಂದಿರಗಳಲ್ಲಿ ನಾಟಕ ನಡೆಯುತ್ತಿದ್ದದ್ದು ಮಧ್ಯಾಹ್ನದ ಬಿಸಿಲಲ್ಲಿ. ನಮ್ಮ ಇಡೀ ರಾತ್ರಿಯ ಯಕ್ಷಗಾನದ ಆಟದಂತೆ ಅವರಿಗೆ ಕತ್ತಲೆ ತಾನಾಗಿ ಸಿಗುತ್ತಿರಲಿಲ್ಲ. ಇರುಳನ್ನೂ ಬೆಳಗನ್ನೂ ಮಾತಿನಲ್ಲೇ ತೋರಿಸಬೇಕಿತ್ತು. ಹಾಗಾಗಿ ಇಲ್ಲಿ ಒಂದೊಂದು ಪದಕ್ಕೂ ಜಾಸ್ತಿ ಕೆಲಸ.

ನೇಸರು ಚೆಂದದ ಪದ, ಗಂಡು ಹೆಣ್ಣೆಂಬ ಗೋಜೂ ಇಲ್ಲ. ಆದರೆ ಅದು ಪದ್ಯದ ಮಾತು. ಹದಿಮೂರು ಹದಿನಾಲ್ಕರ ಹುಡುಗಿಯನ್ನು ಕಂಡು ಬೆರಗಾದ ಹುಡುಗನ ಬಾಯಲ್ಲಿ ಬರುವುದಲ್ಲ.

ನನ್ನ ಮನಸ್ಸು 'ಹೊತ್ತು' ಕಡೆಗಿದೆ. ಹೊತ್ತು ಹುಟ್ಟಿತು, ಹೊತ್ತು ಮುಳುಗಿತು ಅನ್ನುತ್ತೇವಲ್ಲ, ಆ ಹೊತ್ತು. ತೋಟದಲ್ಲಿ ರೋಮಿಯೋ 'ಅಗೋ ಮೂಡಣ, ಹೊತ್ತು ಹುಟ್ಟಿತು, ಜೂಲಿಯೆಟ್!' ಎನ್ನಲಿ. ಅಗಲುವಾಗ ಜೂಲಿಯೆಟ್ 'ಹೊತ್ತಾಯಿತು, ಹೊರಡು' ಎನ್ನಲಿ. ಒಂದೇ ಪದದಲ್ಲಿ ಸೂರ್ಯನೂ ಇದ್ದಾನೆ, ಹೊರಡುವ ಗಳಿಗೆಯೂ ಇದೆ. ಮೂಲದಲ್ಲೂ ಇಲ್ಲದ ಅನುಕೂಲ ಇದು.

ಕಾರವಾರ, ಅಂಕೋಲಾ, ಹೊನ್ನಾವರ ಕಡೆಯವರು ದಯವಿಟ್ಟು ತಿಳಿಸಿ. ನಿಮ್ಮ ಮನೆಗಳಲ್ಲಿ ಸೂರ್ಯನಿಗೆ ಹೊತ್ತು ಅನ್ನುವುದು ಈಗಲೂ ಇದೆಯೇ? ಅಥವಾ ಹೊತ್ತು ಅಂದರೆ ಬರೀ ಸಮಯ ಅಂತ ಮಕ್ಕಳಿಗೆ ಕೇಳಿಸುತ್ತದೆಯೇ? ಹಾಗಿದ್ದರೆ ಮೊದಲ ಸಾಲಿಗೆ ಬೇರೆ ಯಾವ ಪದ ಹಾಕುತ್ತೀರಿ?