ಸಹಾಯ ಬೇಕು: ಈರುಳ್ಳಿ ಸೊಪ್ಪು ಮೂರೇ ದಿನಕ್ಕೆ ಲೋಳೆಯಾಗ್ತಿದೆ

ಎಲ್ಲರಿಗೂ ನಮಸ್ಕಾರ. ಈರುಳ್ಳಿ ಸೊಪ್ಪು ತರುವಾಗ ನೋಡಿಯೇ ತರ್ತೀನಿ: ಬೇರು ಬೆಳ್ಳಗಿರಬೇಕು, ಗಡ್ಡೆ ಗಟ್ಟಿಯಿರಬೇಕು, ಎಲೆ ತುದಿ ಹಳದಿಯಾಗಿರಬಾರದು. ಆದ್ರೂ ತೊಳೆದು, ಕವರಿನಲ್ಲಿ ಕಟ್ಟಿ ಫ್ರಿಜ್ಜಿನಲ್ಲಿಟ್ಟರೆ ಮೂರನೇ ದಿನಕ್ಕೆ ಹಸಿರು ಭಾಗ ಕೈಗೆ ಅಂಟುವಷ್ಟು ಲೋಳೆ. ನಿನ್ನೆ ಬಾಗಿಲು ತೆಗೆದರೆ ಹಾಲಿಗೂ ಅದೇ ವಾಸನೆ! ನೀರಿನ ಪಸೆ ಆರಿಸದೆ ಕಟ್ಟಿದ್ದೇ ತಪ್ಪಾಯ್ತೇನೋ ಅಂತ ಈಗ ಅನುಮಾನ.

ಬೇರಿನ ಕಡೆಯ ಎರಡಿಂಚು ತುಂಡನ್ನು ಲೋಟದ ನೀರಿನಲ್ಲಿ ನಿಲ್ಲಿಸಿದ್ದೆ. ಅದು ಮಾತ್ರ ವಾರದೊಳಗೆ ಗೇಣುದ್ದ ಚಿಗುರಿದೆ (ನೀರು ದಿನಾ ಬದಲಿಸಿದ್ದೆ). ಹಾಗಾದ್ರೆ ಇಡೀ ಕಟ್ಟನ್ನೇ ಹೀಗೆ ನಿಲ್ಲಿಸಿಡಬಹುದಾ, ಇಲ್ಲ ಬಟ್ಟೆಯಲ್ಲಿ ಸುತ್ತಿಡೋದು ವಾಸಿನಾ? ಹೆಚ್ಚಿ ಫ್ರೀಜರಿಗೆ ಹಾಕಿದ್ರೆ ಬೇಯಿಸೋ ಅಡುಗೆಗೆ ಸರಿ, ಮೇಲೆ ಉದುರಿಸೋಕೆ ಮೆತ್ತಗಾಗುತ್ತೆ. ಗರಿಗರಿಯಾಗಿ ಒಂದು ವಾರ ಉಳಿಸಿಕೊಂಡವರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.