ಪದಚರ್ಚೆ: ಪೆಂಗ್ವಿನ್ ‘ಕಾವಿಗೆ ಕೂರುತ್ತದೆ’ ಎನ್ನಬಹುದೆ?

ಪ್ರಶ್ನೆ: ಮಕ್ಕಳಿಗಾಗಿ ಬರೆದ ವಿಜ್ಞಾನ ಪಾಠವೊಂದರಲ್ಲಿ ಹೀಗಿದೆ: ‘ಎಂಪರರ್ ಪೆಂಗ್ವಿನ್ ಗೂಡಿನಲ್ಲಿ ಕಾವಿಗೆ ಕೂರುತ್ತದೆ. ಮರಿಯನ್ನು ಹೊಟ್ಟೆಯ ಚೀಲದಲ್ಲಿ ಇಟ್ಟುಕೊಳ್ಳುತ್ತದೆ. ಆಮೇಲೆ ಮರಿಗಳು ಶಿಶುವಿಹಾರ ಸೇರುತ್ತವೆ.’ ಗೂಡು, ಕೂರು, ಚೀಲ, ಶಿಶುವಿಹಾರ, ಈ ನಾಲ್ಕೂ ಸರಿಯೆ?

ಉತ್ತರ: ಎಂಪರರ್ ಗೂಡು ಕಟ್ಟುವುದೇ ಇಲ್ಲ. ಅಂಟಾರ್ಕ್ಟಿಕದ ಕಡಲು ಹೆಪ್ಪುಗಟ್ಟಿದ ಮೇಲೆ, ಮೇ-ಜೂನ್ ಹೊತ್ತಿಗೆ, ಹೆಣ್ಣು ಒಂದೇ ಒಂದು ಮೊಟ್ಟೆಯಿಡುತ್ತದೆ. ಅದನ್ನು ಗಂಡಿನ ಪಾದಗಳ ಮೇಲಕ್ಕೆ ದಾಟಿಸಿ ಮೇವಿಗಾಗಿ ಕಡಲಿಗೆ ಹೊರಡುತ್ತದೆ. ದಾಟಿಸುವಾಗ ಮೊಟ್ಟೆ ಜಾರಿ ಮಂಜಿನ ಮೇಲೆ ಉಳಿದುಬಿಟ್ಟರೆ ಒಳಗಿನ ಭ್ರೂಣ ಚಳಿಗೆ ಸಾಯುತ್ತದೆ. ಗಂಡು ಸುಮಾರು 65 ದಿನ ಏನೂ ತಿನ್ನದೆ, ಮೊಟ್ಟೆಯನ್ನು ಪಾದದ ಮೇಲೆ ಹೊತ್ತು ನಿಂತಿರುತ್ತದೆ. ಜಾಗ ಬದಲಿಸಬೇಕಾದರೂ ಹೊತ್ತುಕೊಂಡೇ ಹೆಜ್ಜೆಯೆಳೆಯುತ್ತದೆ. ಹೀಗಿರುವಾಗ ‘ಕೂರು’ ಬೇಡ, ‘ಕಾವು ಕೊಡುತ್ತದೆ’ ಎಂದರೆ ಸಾಕು.

‘ಚೀಲ’ ಎಂದರೆ ಮಕ್ಕಳ ಕಣ್ಣಿಗೆ ಕಾಂಗರೂ ಬರುತ್ತದೆ. ಇಲ್ಲಿರುವುದು ಹೊಟ್ಟೆಯ ತಳದಲ್ಲಿ ಗರಿಯಿಲ್ಲದ, ರಕ್ತನಾಳಗಳು ಒತ್ತಾಗಿರುವ ಬರಿಮೈ. ಮೇಲಿನ ಚರ್ಮ ಮಡಿಕೆಯಾಗಿ ಇಳಿದು ಮೊಟ್ಟೆಯನ್ನು ಮುಚ್ಚುತ್ತದೆ. ‘ಹೊಟ್ಟೆಯ ಮಡಿಕೆ’ ಎನ್ನಿ. ತಾಯಿ ಬರುವ ಮುನ್ನವೇ ಮರಿ ಹೊರಬಂದರೆ ಗಂಡು ತನ್ನ ಅನ್ನನಾಳದಲ್ಲಿ ಒಸರುವ ಮೊಸರಿನಂಥ ದ್ರವ ಕೊಟ್ಟು ಕೆಲವು ದಿನ ಉಳಿಸಿಕೊಳ್ಳುತ್ತದೆ. ಇದಕ್ಕೆ ನಮ್ಮ ‘ಗುಟುಕು’ ಚೆನ್ನಾಗಿ ಒಪ್ಪುತ್ತದೆ.

ಗೂಡು ಎನ್ನಲೇಬೇಕೆಂದರೆ ಅಡೇಲಿ ಪೆಂಗ್ವಿನ್ನಿನ ಉದಾಹರಣೆ ಕೊಡಿ. ಅದು ಬೇಸಿಗೆಯಲ್ಲಿ ಬಂಡೆನೆಲದ ಮೇಲೆ ಸಣ್ಣ ಕಲ್ಲುಗಳನ್ನು ಗುಡ್ಡೆಹಾಕಿ ಸಾಮಾನ್ಯವಾಗಿ ಎರಡು ಮೊಟ್ಟೆಯಿಡುತ್ತದೆ. ಕಲ್ಲು ಅಲಂಕಾರಕ್ಕಲ್ಲ: ಹಿಮ ಕರಗಿ ನೀರು ಹರಿದಾಗ ಮೊಟ್ಟೆ ಮೇಲಿರಬೇಕು, ನೀರಲ್ಲಿ ನಿಂತ ಮೊಟ್ಟೆ ತಣ್ಣಗಾಗಿ ಕೆಡುತ್ತದೆ. ಪಕ್ಕದ ಗೂಡಿನ ಕಲ್ಲು ಕದಿಯುವುದೂ ಇದಕ್ಕೇ. ಇಲ್ಲಿ ಗಂಡು-ಹೆಣ್ಣು ಸರದಿಯಂತೆ ಕಾವಿಗೆ ಕೂರುತ್ತವೆ. ನಿಮ್ಮ ಕ್ರಿಯಾಪದಕ್ಕೂ ಜಾಗ ಸಿಕ್ಕಿತು.

‘ಶಿಶುವಿಹಾರ’ಕ್ಕೆ ನನ್ನ ವಿರೋಧವಿದೆ. ಆ ಪದ ಕೇಳಿದವರು ನೋಡಿಕೊಳ್ಳುವ ಒಬ್ಬರಿದ್ದಾರೆ ಎಂದುಕೊಳ್ಳುತ್ತಾರೆ. ನಿಜದಲ್ಲಿ ಮರಿಯ ಹಸಿವು ಹೆಚ್ಚಿದಂತೆ ತಂದೆತಾಯಿ ಎರಡೂ ಕಡಲಿಗೆ ಹೋಗಬೇಕಾಗುತ್ತದೆ. ಆಗ ಮರಿಗಳು ಚಳಿಗೂ ಸ್ಕುವಾ ಹಕ್ಕಿಯ ಭಯಕ್ಕೂ ಒತ್ತೊತ್ತಾಗಿ ನಿಲ್ಲುತ್ತವೆ. ಮರಳಿದ ಹಕ್ಕಿ ಕೂಗಿನಿಂದ ತನ್ನ ಮರಿಯನ್ನು ಗುರುತಿಸಿ ಅದಕ್ಕಷ್ಟೇ ಉಣಿಸುತ್ತದೆ. ‘ಮರಿಹಿಂಡು’ ಸಾಕು.

ಪಾಠದ ಕೊನೆಗೆ ‘ರೆಕ್ಕೆ ಬಲಿತು’ ಎಂದಿದ್ದರೆ ‘ಗರಿ ಬಲಿತು ಕಡಲಿಗಿಳಿಯುತ್ತವೆ’ ಎಂದು ತಿದ್ದಿ. ಮರಿಯ ತುಪ್ಪುಳು ನೀರು ತಡೆಯುವುದಿಲ್ಲ. 2016ರಲ್ಲಿ ಅಂಟಾರ್ಕ್ಟಿಕದ ಹ್ಯಾಲಿ ಕೊಲ್ಲಿಯ ಕಡಲಮಂಜು ಅವಧಿಗೆ ಮುಂಚೆ ಒಡೆದಾಗ ಅಲ್ಲಿನ ಎಂಪರರ್ ಮರಿಗಳು ಬಹುತೇಕ ಎಲ್ಲವೂ ಸತ್ತದ್ದು ಗರಿ ಇನ್ನೂ ಬಲಿಯದಿದ್ದ ಕಾರಣಕ್ಕೆ.