ಮಾಂಸಖಂಡದೊಳಗೆ ಎಲುಬು ಹುಟ್ಟುವುದಕ್ಕೆ ಏನೆನ್ನಬೇಕು?

ಬಲವಾದ ಪೆಟ್ಟು ಬಿದ್ದ ಮೇಲೆ ಮಾಂಸಖಂಡದೊಳಗೇ ಹೊಸದಾಗಿ ಎಲುಬು ಹುಟ್ಟಿಕೊಳ್ಳುವುದುಂಟು. ವೈದ್ಯರು ಅದನ್ನು ‘ಮಯೋಸೈಟಿಸ್ ಆಸಿಫಿಕಾನ್ಸ್’ ಎನ್ನುತ್ತಾರೆ. ಇದಕ್ಕೆ ಜನರ ಬಾಯಲ್ಲಿರುವ ಕನ್ನಡ ಮಾತು ಯಾವುದಾದರೂ ಇದೆಯೇ? ಕಲಬುರಗಿಯಲ್ಲಿ ರೋಗಿಗಳಿಗಾಗಿ ಒಂದು ಕರಪತ್ರ ಬರೆಯುತ್ತಿದ್ದೇನೆ, ಈ ಪದದ ಹತ್ತಿರ ಬಂದು ನಿಂತಿದ್ದೇನೆ.

ತೊಡೆಯಲ್ಲಿ, ಮೊಣಕೈಯ ಸುತ್ತ ಇದು ಹೆಚ್ಚು, ಅಂಗೈಯಲ್ಲಿ ಅಪರೂಪ. ನಾನು ಕಂಡದ್ದು ಅಂಗೈಯಲ್ಲೇ. ಬೇಳೆ ಮಿಲ್ಲಿನ ಹಮಾಲರೊಬ್ಬರ ಹೆಬ್ಬೆರಳಿನ ಬುಡಕ್ಕೆ ಕೈಗಾಡಿಯ ಹಿಡಿ ಬಡಿದಿತ್ತು. ಬಾವು ಇಳಿಯಿತು, ಗಟ್ಟಿ ಗಂಟು ಉಳಿಯಿತು. ಮೊದಲ ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ. ಕೆಲವು ವಾರಗಳ ಮೇಲೆ ತೆಗೆದದ್ದರಲ್ಲಿ ಗಂಟಿನ ಅಂಚು ಮೊಟ್ಟೆಯ ಚಿಪ್ಪಿನಂತೆ ಬೆಳ್ಳಗೆ, ನಡುಭಾಗ ಮಸುಕಾಗಿ ಕಂಡಿತು. ಎಲುಬು ಹೊರ ಅಂಚಿನಿಂದ ಒಳಕ್ಕೆ ಬಲಿಯುತ್ತ ಹೋಗುವುದು ಇದರ ಗುರುತು.

“ಎಲುಬು ಬೆಳೆದಿದೆ” ಎಂದದ್ದೇ ತಡ, ಮನೆಯವರು ಎಲುಬು ಜಾಗ ಬಿಟ್ಟು ಸರಿದಿದೆ ಎಂದು ತಿಳಿದು, ಎಣ್ಣೆ ಹಚ್ಚಿ ತಿಕ್ಕಿಸಲು ಹೊರಟರು. ತಿಕ್ಕಲೇಬಾರದು! ಪೆಟ್ಟು ಇನ್ನೂ ಹಸಿಯಾಗಿರುವಾಗ ಬಲವಾಗಿ ನೀವಿದರೆ, ಎಳೆದರೆ ಎಲುಬು ಇನ್ನಷ್ಟು ಹಬ್ಬುವ ಅಪಾಯವಿದೆ. ಕೈಗೆ ವಿಶ್ರಾಂತಿ ಕೊಡಬೇಕು. ಶಸ್ತ್ರಚಿಕಿತ್ಸೆ ಬೇಕಾದರೂ ಸಾಮಾನ್ಯವಾಗಿ ಎಲುಬು ಪೂರ್ತಿ ಬಲಿಯುವವರೆಗೆ, ಅಂದರೆ ಹಲವು ತಿಂಗಳು ಕಾಯುತ್ತಾರೆ. ತಪ್ಪು ಪದ ಹಾಕಿದರೆ ರೋಗಿಯ ಕೈಗೇ ಕೇಡು.

‘ಸ್ನಾಯು ಅಸ್ಥೀಕರಣ’ದ ಅರ್ಥ ಸರಿಯಾಗಿದೆ, ಆದರೆ ಆ ಹಮಾಲರಿಗೆ ತಲುಪದು. ‘ಮಯೋಸೈಟಿಸ್’ ಎಂದಿದೆಯಲ್ಲ ಎಂದು ‘ಸ್ನಾಯು ಉರಿಯೂತ’ ಎಂದು ಬರೆಯಲೂ ಆಗದು. ಇಲ್ಲಿ ಉರಿಯೂತ ಮುಖ್ಯ ಸಂಗತಿಯೇ ಅಲ್ಲ. ‘ದುರ್ಮಾಂಸ’ ಎಂದರೆ ಜನ ಕ್ಯಾನ್ಸರ್ ಎಂದು ಹೆದರುತ್ತಾರೆ, ಇದು ಕ್ಯಾನ್ಸರ್ ಅಲ್ಲ. ‘ಸುಣ್ಣಗಟ್ಟುವುದು’ ನನಗೆ ಮೊದಲು ಹಿಡಿಸಿತ್ತು. ಆದರೆ ಅದು ಬರೀ ಕ್ಯಾಲ್ಸಿಯಂ ಲವಣ ಕೂಡುವುದಕ್ಕೆ ಒಪ್ಪುವ ಮಾತು. ಇಲ್ಲಿ ಹುಟ್ಟುವುದು ಜೀವಕೋಶಗಳುಳ್ಳ ನಿಜವಾದ ಎಲುಬು.

ಹೆಪ್ಪುಗಟ್ಟು, ಹರಳುಗಟ್ಟು ಇವುಗಳ ಜಾಡಿನಲ್ಲಿ ‘ಎಲುಬುಗಟ್ಟು’ ಎನ್ನಬಹುದೇ? “ಪೆಟ್ಟು ಬಿದ್ದ ಮಾಂಸಖಂಡದೊಳಗೆ ಎಲುಬುಗಟ್ಟಿದೆ” ಎಂದರೆ ಎಲುಬು ಬೇರೆ ಕಡೆಯಿಂದ ಸರಿದು ಬಂದಿಲ್ಲ, ಅಲ್ಲೇ ಹುಟ್ಟಿದೆ ಎಂಬುದು ಹೊಳೆಯುತ್ತದೆ. ನಮ್ಮ ಕಡೆ ‘ಎಲುಬು’ ದಿನದ ಮಾತು, ಆದ್ದರಿಂದ ‘ಮೂಳೆಗಟ್ಟು’ ಬೇಡವೆನಿಸುತ್ತದೆ. ಒಂದೇ ಅನುಮಾನ: ಮುರಿದ ಎಲುಬಿಗೆ ಪಟ್ಟಿ ಹಾಕುವುದಕ್ಕೂ ‘ಎಲುಬು ಕಟ್ಟುವುದು’ ಎನ್ನುತ್ತೇವೆ. ಬರಹದಲ್ಲಿ ಗಕಾರ ಕಣ್ಣಿಗೆ ಬೀಳುತ್ತದೆ. ಕರಪತ್ರವನ್ನು ಗಟ್ಟಿಯಾಗಿ ಓದಿ ಹೇಳುವಾಗ, ಕೇಳುವವರು ಎರಡನ್ನೂ ಬೇರೆ ಮಾಡಿಕೊಂಡಾರೇ? ನಾಟಿ ಪದ್ಧತಿಯಲ್ಲಿ ಎಲುಬು ಕಟ್ಟುವವರು ಇಂಥ ಗಂಟಿಗೆ ಬೇರೆ ಹೆಸರು ಹೇಳುವುದನ್ನು ಬೀದರ್, ಯಾದಗಿರಿ ಕಡೆಯವರು ಕೇಳಿದ್ದರೆ ದಯವಿಟ್ಟು ತಿಳಿಸಿ.